ಎರಡು ಮುಚ್ಚಳದ ಸೋಮವಾರ

ನಮ್ಮೂರಿನಲ್ಲಿ ರೈಲು ದಿನಕ್ಕೊಂದು ಕಡೆ ನಿಲ್ಲುತ್ತದೆ. ಹನ್ನೊಂದು ಗಂಟೆಗೆ ಬರುವುದು ಖಾತ್ರಿ, ಎರಡು ನಿಮಿಷ ನಿಲ್ಲುವುದೂ ಖಾತ್ರಿ. ಎಲ್ಲಿ ಎಂಬುದು ಮಾತ್ರ ಆಯಾ ದಿನದ ಮಾತು. ಊರಿನ ಪೂರ್ವದ ಕೊನೆಯಿಂದ ಪಶ್ಚಿಮದ ಕೊನೆಯವರೆಗೆ ಹಳಿಯ ಪಕ್ಕದಲ್ಲಿ ಎಂಬತ್ತು ಕಂಬಗಳಿವೆ, ಒಂದರಿಂದ ಒಂದಕ್ಕೆ ಐವತ್ತು ಹೆಜ್ಜೆ. ಆ ಎಂಬತ್ತರಲ್ಲಿ ಯಾವುದೋ ಒಂದರ ಎದುರು ಎಂಜಿನ್ನು ನಿಟ್ಟುಸಿರು ಬಿಟ್ಟು ನಿಲ್ಲುತ್ತದೆ. ಹಾಗಾಗಿ ನಮ್ಮಲ್ಲಿ ಪ್ಲಾಟ್‌ಫಾರಂ ಇಲ್ಲ. ವಡೆ ಅಂಗಡಿಗೆ ಚಕ್ರವಿದೆ, ಹೂವಿನ ಅಂಗಡಿಗೆ ಚಕ್ರವಿದೆ, ಕಾಯುವವರು ಕೂರುವ ಬೆಂಚಿಗೂ ಚಕ್ರವಿದೆ. ಹೆಣ್ಣು ನೋಡಲು ಬಂದವರು ಹುಡುಗಿಗೆ ಹಾಡು ಬರುತ್ತದೆಯೇ ಎಂದು ಕೇಳುವ ಮೊದಲು ಓಡಲು ಬರುತ್ತದೆಯೇ ಎಂದು ಕೇಳುತ್ತಾರೆ.

ನಾನು ಊರಿನ ಅಂದಾಜು ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ಹೆಸರು ಸುಗುಣ. ಇವತ್ತು ರೈಲು ಯಾವ ಕಂಬದ ಹತ್ತಿರ ನಿಂತೀತು ಎಂದು ಬೆಳಿಗ್ಗೆ ಒಂಬತ್ತೂವರೆಯೊಳಗೆ ಹೇಳುವುದು ನಮ್ಮ ಕೆಲಸ. ಈ ಕೆಲಸಕ್ಕೆ ನಾನು ತಕ್ಕವಳೋ ಅಲ್ಲವೋ ಎಂದು ಏಳು ವರ್ಷದಿಂದ ಯೋಚಿಸುತ್ತಿದ್ದೇನೆ. ಮನೆಯಿಂದ ಹೊರಟ ಮೇಲೆ ಗ್ಯಾಸ್ ಆರಿಸಿದೆನೇ ಎಂದು ಎರಡು ಸಲ ವಾಪಸು ಹೋಗಿ ನೋಡುವವಳು ನಾನು. ಹಿತ್ತಲ ಬಾಗಿಲು ಗಾಳಿಗೆ ಬಡಿದುಕೊಂಡರೆ ಎದೆ ಹಾರುತ್ತದೆ. ಅಂಥವಳು ದಿನಾ ಬೆಳಿಗ್ಗೆ ಇಡೀ ಊರಿಗೆ ಒಂದು ಸಂಖ್ಯೆ ಹೇಳಬೇಕು.

ಕಚೇರಿಯ ಹಿರಿಯರು ಬೈಲಪ್ಪನವರು. ಅಲ್ಲಿ ಒಂದು ಉದ್ದನೆಯ ಹಲಗೆ, ಅದರಲ್ಲಿ ಎಂಬತ್ತು ತೂತು, ಕಂಬಕ್ಕೊಂದರಂತೆ. ಹಿಂದಿನ ದಿನಗಳಲ್ಲಿ ರೈಲು ಎಲ್ಲೆಲ್ಲಿ ನಿಂತಿತ್ತು ಎಂಬುದರಿಂದ ಹುಟ್ಟಿದ ನಂಬಿಕೆ ಒಂದು ಕಡೆ. ಇವತ್ತಿನ ಸುಳಿವುಗಳು ಇನ್ನೊಂದು ಕಡೆ. ಕಾಗೆಗಳು ಯಾವ ದಿಕ್ಕಿನ ತಂತಿಯ ಮೇಲೆ ಕೂತಿವೆ, ಹಿಂದಿನ ಸ್ಟೇಷನ್ನಿನಲ್ಲಿ ಡ್ರೈವರು ಒಂದು ಟೀ ಕುಡಿದನೋ ಎರಡೋ, ವಡೆ ಕೆಂಪಮ್ಮನ ಬಾಣಲೆಯ ಎಣ್ಣೆ ನೊರೆ ಕಟ್ಟಿತೋ ಇಲ್ಲವೋ. ಹಳೆಯ ನಂಬಿಕೆಯನ್ನು ಈ ಸುಳಿವುಗಳಿಂದ ಗುಣಿಸಿದರೆ ಆ ಕಂಬಕ್ಕೊಂದು ಬೆಲೆ ಬರುತ್ತದೆ. ಬೆಲೆಯಷ್ಟು ಎತ್ತರದ ಕಡ್ಡಿಯನ್ನು ಅದರ ತೂತಿನಲ್ಲಿ ನೆಡುತ್ತೇವೆ. ಒಂದು ಕಡ್ಡಿಯ ಲೆಕ್ಕಕ್ಕೆ ನಾಲ್ಕು ನಿಮಿಷ ಬೇಕು. ಎಂಬತ್ತೂ ಕಡ್ಡಿ ನೆಟ್ಟರೆ ಇವತ್ತಿನ ನಂಬಿಕೆಯ ನಿಜವಾದ ಆಕಾರ ಕಾಣುತ್ತದೆ, ಆದರೆ ಅಷ್ಟರಲ್ಲಿ ಐದು ಗಂಟೆ ಮೀರಿ, ರೈಲು ಹೋಗಿ, ಅದರಲ್ಲಿ ಹೋದವರು ಊಟ ಮುಗಿಸಿ ಕೈ ತೊಳೆದಿರುತ್ತಾರೆ.

ಅದಕ್ಕೇ ಮುಚ್ಚಳಗಳು. ಕಚೇರಿಯ ಗೋಡೆಗೆ ನಲವತ್ತೆರಡು ಕಂಚಿನ ಮುಚ್ಚಳಗಳನ್ನು ಮೊಳೆ ಹೊಡೆದು ನೇತುಹಾಕಿದ್ದಾರೆ. ಗಂಟೆಯನ್ನು ಉದ್ದಕ್ಕೆ ಸೀಳಿ ಚಪ್ಪಟೆ ಮಾಡಿದರೆ ಹೇಗೋ ಹಾಗಿವೆ. ಕೆಲವು ಎತ್ತರ ಮತ್ತು ಸಪೂರ, ಕೆಲವು ಗಿಡ್ಡ ಮತ್ತು ಅಗಲ, ಎಲ್ಲದರ ದಪ್ಪ ಮಾತ್ರ ನಾಲ್ಕೇ ಬೆರಳು. ನಿನ್ನೆ ನಿಂತ ಕಂಬದಿಂದ ಲೆಕ್ಕ ಶುರು ಮಾಡುತ್ತೇವೆ. ಪಕ್ಕದ ಕಡ್ಡಿ ಎತ್ತರವಿದ್ದರೆ ಅತ್ತ ಸರಿಯುವುದು, ಅದರ ಪಕ್ಕದ್ದು ಇನ್ನೂ ಎತ್ತರವಿದ್ದರೆ ಇನ್ನೂ ಸರಿಯುವುದು, ಎರಡೂ ಕಡೆ ತಗ್ಗು ಸಿಕ್ಕರೆ ಅದೇ ತುದಿ. ತುದಿಯಿಂದ ಕಡಿದಾಗಿ ಇಳಿದರೆ ಸಪೂರ ಮುಚ್ಚಳ, ನಿಧಾನವಾಗಿ ಇಳಿದರೆ ಅಗಲದ ಮುಚ್ಚಳ. ಆರೇಳು ಕಡ್ಡಿಯಲ್ಲಿ ಕೆಲಸ ಮುಗಿಯಿತು. ಮಿಕ್ಕದ್ದು ಮುಚ್ಚಳವೇ ಹೇಳುತ್ತದೆ. ಬಿ.ಎಸ್ಸಿ.ಯಲ್ಲಿ ಸಂಖ್ಯಾಶಾಸ್ತ್ರ ಓದುವಾಗ ನಮ್ಮ ಮೇಷ್ಟರು ಇದೇ ಉಪಾಯವನ್ನು ಎರಡು ಪುಟ ಸೂತ್ರಗಳಲ್ಲಿ ಬರೆಸಿದ್ದರು. ಹಳೆಯ ನಂಬಿಕೆಯನ್ನು ಸುಳಿವಿನಿಂದ ಗುಣಿಸುವ ಬೇಯ್ಸನ ನಿಯಮದಿಂದ ಬರುವ ಆಕಾರ ಪೂರ್ತಿ ಕೈಗೆ ಸಿಗದಿದ್ದಾಗ, ಅದರ ತುದಿಗೆ ಒಪ್ಪುವ ಗಂಟೆಯಾಕಾರವನ್ನು ಹೊದಿಸಿ ಕೆಲಸ ಸಾಗಿಸಿ ಎಂದು. ಬೈಲಪ್ಪನವರು ಆ ಸೂತ್ರ ಓದಿದವರಲ್ಲ. ಮುಚ್ಚಳ ಎತ್ತಿ ಇಳಿಸಿ, ಎತ್ತಿ ಇಳಿಸಿ ಕಲಿತವರು.

ಆಮೇಲೆ ಆರಡಿ ಎತ್ತರದ ಗಿಡ್ಡಪ್ಪ ತಮಟೆ ಹಿಡಿದು ಬೀದಿಗೆ ಹೊರಡುತ್ತಾನೆ. "ಕಂಬ ಮೂವತ್ತೊಂದು, ಆಚೆ ಈಚೆ ಎರಡು!" ಎಂದು ಅವನು ಕೂಗಿದರೆ ಹೆಂಗಸರು ಇಸ್ತ್ರಿ ಸೀರೆ ಉಟ್ಟು ನಿಧಾನವಾಗಿ ಹೊರಡುತ್ತಾರೆ. "ಆಚೆ ಈಚೆ ಹತ್ತು!" ಎಂದರೆ ಸೆರಗು ಸಿಕ್ಕಿಸಿ ಕ್ಯಾನ್ವಾಸ್ ಶೂ ಹುಡುಕುತ್ತಾರೆ. ಊರು ಇದಕ್ಕೆ ಹೊಂದಿಕೊಂಡಿತ್ತು. ನಾನೂ ಹೊಂದಿಕೊಂಡಿದ್ದೆ, ಆ ಪೋಸ್ಟ್ ಕಾರ್ಡ್ ಬರುವವರೆಗೆ.

ಕಾರ್ಡು ಬಂದದ್ದು ನಮ್ಮ ದೊಡ್ಡಮ್ಮನಿಗೆ. ದೊಡ್ಡಪ್ಪ ತೀರಿಕೊಂಡ ಮೇಲೆ ಸಾಕಮ್ಮ ದೊಡ್ಡಮ್ಮ ನನ್ನ ಜೊತೆಯಲ್ಲೇ ಇದ್ದಾಳೆ. ಎಪ್ಪತ್ತೆರಡು ವರ್ಷ, ಎರಡೂ ಮಂಡಿ ಸವೆದಿವೆ, ನಾಲಗೆ ಮಾತ್ರ ಹೊಸದರಂತಿದೆ. ಅವಳಿಗೂ ಅವಳ ತಂಗಿ ಚೆನ್ನಾಜಮ್ಮನಿಗೂ ಹತ್ತೊಂಬತ್ತು ವರ್ಷದಿಂದ ಮಾತಿಲ್ಲ. ಅವರಮ್ಮ ಹೋದಾಗ ಮನೆಯ ಒರಳುಕಲ್ಲು ಯಾರಿಗೆ ಎಂದು ಜಗಳವಾಗಿ, ತಂಗಿ ಒರಳನ್ನು ಗಾಡಿಯಲ್ಲಿ ಹೇರಿಕೊಂಡು ಹೋದಳು. ಅಕ್ಕ ಗುಂಡುಕಲ್ಲನ್ನು ಮಡಿಲಲ್ಲಿಟ್ಟುಕೊಂಡು ಇಲ್ಲಿಗೆ ಬಂದಳು. ಅಲ್ಲಿ ಒರಳಿದೆ, ಗುಂಡಿಲ್ಲ. ಇಲ್ಲಿ ಗುಂಡಿದೆ, ಒರಳಿಲ್ಲ. ಮಿಕ್ಸಿಯಲ್ಲಿ ತಿರುವಿದ್ದನ್ನು ದೊಡ್ಡಮ್ಮ ಚಟ್ನಿ ಎಂದು ಒಪ್ಪುವುದಿಲ್ಲವಾದ್ದರಿಂದ ನಮ್ಮ ಮನೆಯಲ್ಲಿ ಹತ್ತೊಂಬತ್ತು ವರ್ಷ ದೋಸೆಗೆ ಪಲ್ಯವೇ ಗತಿ. ಗುಂಡುಕಲ್ಲು ಹಿತ್ತಲ ಬಾಗಿಲು ಬಡಿದುಕೊಳ್ಳದ ಹಾಗೆ ಒತ್ತಿಟ್ಟ ಕಲ್ಲಾಗಿತ್ತು.

ಕಾರ್ಡಿನಲ್ಲಿ ನಾಲ್ಕೇ ಸಾಲು. "ಅಕ್ಕ, ಸೋಮವಾರ ಸಂಜೆ ನನ್ನ ಮೊಮ್ಮಗಳ ಕೂಸನ್ನು ತೊಟ್ಟಿಲಿಗೆ ಹಾಕುತ್ತೇವೆ. ಹೆಸರು ನೀನೇ ಕೂಗಬೇಕು. ಬರುವಾಗ ಗುಂಡು ತಾ. ಒರಳು ತೊಳೆದಿಟ್ಟಿದ್ದೇನೆ." ಕೂಸಿಗಿಂತ ಮೊದಲು ತೊಟ್ಟಿಲಲ್ಲಿ ಗುಂಡುಕಲ್ಲನ್ನು ಮಲಗಿಸಿ ತೂಗುವುದು ನಮ್ಮ ಕಡೆಯ ಶಾಸ್ತ್ರ. ದೊಡ್ಡಮ್ಮ ಕಾರ್ಡನ್ನು ನನ್ನಿಂದ ಮೂರು ಸಲ ಓದಿಸಿದಳು.

"ಅಂಗಡೀಲಿ ಬೇರೆ ಗುಂಡು ಸಿಗ್ತಿರ್ಲಿಲ್ವಂತಾ ಅವಳಿಗೆ?" ಎಂದಳು.

"ಸಿಗ್ತದೆ ದೊಡ್ಡಮ್ಮ."

"ಸಿಕ್ಕಿದ್ರೂ ನಂದೇ ಕೇಳವಳೆ." ಎದ್ದು ಹೋಗಿ ಗುಂಡುಕಲ್ಲನ್ನು ಹುಣಸೆಹಣ್ಣು ಹಾಕಿ ತಿಕ್ಕತೊಡಗಿದಳು. "ಸೋಮವಾರ ರೈಲು ಎಲ್ಲಿ ನಿಲ್ತದೆ ಅಂತ ಸರ್ಯಾಗಿ ಹೇಳ್ಬಿಡು ಮಗ. ನಂಗೆ ಓಡಕ್ಕಾಗಲ್ಲ. ಇದನ್ನ ಹೊತ್ಕಂಡಂತೂ ನಡೆಯಕ್ಕೂ ಆಗಲ್ಲ."

ದಿನಕ್ಕೆ ಒಂದೇ ರೈಲು, ಜಿಲ್ಲೆಯನ್ನೆಲ್ಲ ಸುತ್ತಿ ಮರುದಿನ ಮತ್ತೆ ಪೂರ್ವದಿಂದಲೇ ಬರುವುದು. ತಪ್ಪಿದರೆ ಸಂಜೆಯ ತೊಟ್ಟಿಲು ತಪ್ಪಿತು. ತೊಟ್ಟಿಲು ತಪ್ಪಿದರೆ ಇನ್ನು ಹತ್ತೊಂಬತ್ತು ವರ್ಷ ಕಾಯುವಷ್ಟು ಆಯುಸ್ಸು ಇಬ್ಬರಲ್ಲಿ ಯಾರಿಗೂ ಇರಲಿಲ್ಲ.

ಸೋಮವಾರ ಎಂಟಕ್ಕೆ ಕಚೇರಿಗೆ ಹೋದೆ. ಕಾಗೆಗಳು ಪೂರ್ವದ ತಂತಿಯ ಮೇಲೆ ಕೂತಿದ್ದವು. ಫೋನು ಬಂತು: ಡ್ರೈವರು ಎರಡು ಟೀ ಕುಡಿದಿದ್ದಾನೆ. ಪೂರ್ವದ ಕಾಗೆ ಎಂದರೆ ಮೊದಲ ಕಂಬಗಳು, ಎರಡು ಟೀ ಎಂದರೆ ದೂರದ ಕಂಬಗಳು. ಇವೆರಡು ಒಂದೇ ದಿನ ಬಂದದ್ದನ್ನು ನಾನು ನೋಡಿರಲಿಲ್ಲ. ಎಣ್ಣೆಯ ಸುಳಿವೂ ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಹಿಂದಿನ ದಿನ ರೈಲು ಇಪ್ಪತ್ತೊಂದರಲ್ಲಿ ನಿಂತಿತ್ತು. ಅಲ್ಲಿಂದ ಶುರು ಮಾಡಿದೆ. ಇಪ್ಪತ್ತು ಎತ್ತರ, ಹತ್ತೊಂಬತ್ತು ಇನ್ನೂ ಎತ್ತರ, ಹದಿನೇಳಕ್ಕೆ ಬಂದಾಗ ಕಡ್ಡಿ ಒಂದು ಗೇಣು. ಹದಿನಾರು ಅದರ ಅರ್ಧ, ಹದಿನೆಂಟೂ ಅರ್ಧ. ಸೂಜಿಯಂಥ ತುದಿ.

"ನೋಡು, ಎಂಥಾ ಚೆಂದದ ದಿನ," ಎಂದು ಬೈಲಪ್ಪನವರು ಸಪೂರ ಮುಚ್ಚಳವನ್ನು ಗೋಡೆಯಿಂದ ಇಳಿಸಿ ಹದಿನೇಳರ ಮೇಲೆ ಇಟ್ಟರು. ಬೆರಳಿಗೆ ಉಂಗುರದಂತೆ ಕೂತಿತು. "ಹದಿನೇಳು, ಆಚೆ ಈಚೆ ಎರಡು. ನಿಮ್ಮ ದೊಡ್ಡಮ್ಮನ್ನ ಬೆಂಚಿನ ಮೇಲೆ ಕೂರಿಸ್ಬಿಟ್ರೆ ಆಯ್ತು."

ನನಗೂ ಅದೇ ಬೇಕಿತ್ತು. ಆದರೆ ನನಗೆ ಬೇಕಾದದ್ದು ಇಷ್ಟು ಸಲೀಸಾಗಿ ಸಿಕ್ಕರೆ ಗ್ಯಾಸ್ ಆರಿಸದೆ ಬಂದಂತೆ ಅನಿಸುತ್ತದೆ. ಗಡಿಯಾರ ನೋಡಿದೆ, ಎಂಟೂ ಮುಕ್ಕಾಲು.

"ಸಾರ್, ಟೈಮಿದೆ. ಇನ್ನೊಂದು ಕಡೆಯಿಂದಲೂ ಒಂದು ಸಲ ಹತ್ತಿ ನೋಡ್ಲಾ?"

"ತುದಿ ಸಿಕ್ಕಿದ ಮೇಲೆ ಇನ್ನೆಲ್ಲಿಗಮ್ಮ ಹತ್ತೋದು?"

"ಇದು ನಾವು ಶುರು ಮಾಡಿದ ಜಾಗದ ತುದಿ ಸಾರ್. ಎರಡು ಟೀ ಹೇಳ್ತಿರೋ ಕಡೆ ನಾವು ಹೋಗೇ ಇಲ್ಲ."

ಅವರು ಮೂಗಿನ ಮೇಲೆ ಕನ್ನಡಕ ಸರಿಮಾಡಿಕೊಂಡು ಕಡ್ಡಿಗಳ ಕಟ್ಟನ್ನು ನನ್ನತ್ತ ಸರಿಸಿದರು. ಅದು ಒಪ್ಪಿಗೆ. ನಾನು ಅರವತ್ತರಿಂದ ಶುರು ಮಾಡಿದೆ. ಅರವತ್ತೊಂದು ಒಂದು ಕೂದಲೆಳೆ ತಗ್ಗು. ಐವತ್ತೊಂಬತ್ತು ಒಂದು ಕೂದಲೆಳೆ ಎತ್ತರ. ಐವತ್ತೆಂಟರಲ್ಲಿ ತುದಿ, ಆದರೆ ಐದೇ ಬೆರಳಿನ ತುದಿ. ಹದಿನೇಳರ ಅರ್ಧಕ್ಕೂ ಬರುವುದಿಲ್ಲ.

"ಅಷ್ಟೇ ತಾನೇ?" ಎಂದರು ಬೈಲಪ್ಪನವರು. "ಇದರ ಮುಂದೆ ಅದು ಆಳೆತ್ತರ. ಮುಚ್ಚಳ ಅಲ್ಲೇ ಇರ್ಲಿ."

ನಾನು ಅಗಲದ ಮುಚ್ಚಳಗಳಲ್ಲಿ ಒಂದನ್ನು ಹುಡುಕಿ ಇಳಿಸಿದೆ. ಐವತ್ತೆಂಟರ ಮೇಲೆ ಇಟ್ಟರೆ ಅದರ ಅಂಚು ನಲವತ್ತಾರರಿಂದ ಎಪ್ಪತ್ತರವರೆಗೆ ಮಲಗಿತು, ಬಿಸಿಲಿಗೆ ಬಿದ್ದುಕೊಂಡ ಎಮ್ಮೆಯ ಹಾಗೆ. ಎತ್ತರ ಕಡಿಮೆ, ನಿಜ. ಆದರೆ ಮುಚ್ಚಳದೊಳಗೆ ಎಷ್ಟು ಹಿಡಿಯುತ್ತದೆ? ತಮಟೆ ಕಾಯಿಸುತ್ತ ಕೂತಿದ್ದ ಗಿಡ್ಡಪ್ಪನ ಪಕ್ಕದಲ್ಲಿ ಗಿರಣಿಗೆ ಹೊರಟ ರಾಗಿ ಚೀಲವಿತ್ತು.

"ಗಿಡ್ಡಪ್ಪ, ಸ್ವಲ್ಪ ರಾಗಿ ಕೊಡ್ತೀಯಾ? ವಾಪಸ್ ಕೊಡ್ತೀನಿ."

"ತಗಳಿ ಅಕ್ಕ. ಲೆಕ್ಕದಲ್ಲಿ ರಾಗಿನೂ ಬತ್ತದಾ?"

ಎರಡೂ ಮುಚ್ಚಳಗಳನ್ನು ಅಂಗಾತ ತಿರುಗಿಸಿ, ಅಂಚಿನವರೆಗೆ ರಾಗಿ ತುಂಬಿ, ಪಾವಿನಲ್ಲಿ ಅಳೆದೆ. ಎತ್ತರದ ಮುಚ್ಚಳದಲ್ಲಿ ಒಂದು ಪಾವು. ಗಿಡ್ಡ ಮುಚ್ಚಳದಲ್ಲಿ ಮೂರು. ತಪ್ಪಾಗಿರಬಹುದೆಂದು ಇನ್ನೊಂದು ಸಲ ಅಳೆದೆ. ಮತ್ತೆ ಒಂದು, ಮತ್ತೆ ಮೂರು. ರೈಲು ನಿಲ್ಲಬಹುದಾದ ಜಾಗಗಳ ನಂಬಿಕೆಯನ್ನೆಲ್ಲ ನಾಲ್ಕು ಪಾಲು ಮಾಡಿದರೆ ಮೂರು ಪಾಲು ಆ ಗಿಡ್ಡ ದಿಬ್ಬದ ಕೆಳಗಿತ್ತು. ನಾವು ಎತ್ತರ ನೋಡಿ ಒಂದು ಪಾಲಿನ ಹತ್ತಿರ ಬೆಂಚು ಹಾಕಲು ಹೊರಟಿದ್ದೆವು.

ಬೈಲಪ್ಪನವರು ರಾಗಿಯ ಎರಡು ರಾಶಿಗಳನ್ನು ಬಹಳ ಹೊತ್ತು ನೋಡಿದರು. ಬೆರಳಿನಿಂದ ಒಂದು ಕಾಳು ಎತ್ತಿ ಸಣ್ಣ ರಾಶಿಯ ಮೇಲೆ ಹಾಕಿದರು, ಅದರಿಂದ ಏನಾದರೂ ಸಹಾಯವಾದೀತೇ ಎಂಬಂತೆ. "ಮೂವತ್ತು ವರ್ಷ ತಲೆನೇ ನೋಡ್ಕಂಡು ಬಂದೆ ಕಣಮ್ಮ," ಎಂದರು. "ಹೊಟ್ಟೆ ನೋಡ್ಲೇ ಇಲ್ಲ."

"ಹೆಚ್ಚು ದಿನ ಒಂದೇ ದಿಬ್ಬ ಇರುತ್ತಲ್ಲ ಸಾರ್. ಒಂದೇ ಇದ್ದಾಗ ಇದೆಲ್ಲ ಬೇಕಾಗಲ್ಲ."

"ಈಗೇನು ಕೂಗ್ಸೋದು? ಎರಡು ನಂಬರ್ ಹೇಳಿದ್ರೆ ಕಚೇರಿಗೆ ತಲೆ ಕೆಟ್ಟಿದೆ ಅಂತಾರೆ."

ಗಿಡ್ಡಪ್ಪ ನಡುವೆ ಬಾಯಿ ಹಾಕಿದ. "ಎರಡನ್ನೂ ಕೂಡ್ಸಿ ಅರ್ಧ ಮಾಡಿ ಸಾರ್. ಮೂವತ್ತೆಂಟು ಅಂತ ಕೂಗ್ತೀನಿ. ಯಾರ್ಗೂ ಬೇಜಾರಿಲ್ಲ."

"ಮೂವತ್ತೆಂಟರ ಹತ್ರ ಏನೈತೋ?" ಎಂದರು ಬೈಲಪ್ಪನವರು.

"ಜಾಲಿ ಮುಳ್ಳು."

"ಅಲ್ಲಿ ನಿಲ್ತದೆ ಅಂತ ಕಾಗೆ ಹೇಳ್ತಾ? ಟೀ ಹೇಳ್ತಾ? ಯಾರೂ ಹೇಳದ ಜಾಗಕ್ಕೆ ಊರನ್ನೆಲ್ಲ ಕರ್ಕೊಂಡೋಗಿ ಮುಳ್ಳಲ್ಲಿ ನಿಲ್ಲಿಸ್ತೀಯಾ?"

ಕೊನೆಗೆ ನಾನು ಚೀಟಿ ಬರೆದೆ. ನಾಲ್ಕು ಸಲ ಹರಿದು ಐದನೆಯ ಸಲ ಬರೆದದ್ದು ಇದು: "ಕಂಬ ಐವತ್ತೆಂಟು, ಆಚೆ ಈಚೆ ಹನ್ನೆರಡು, ಮುಕ್ಕಾಲು ಪಾಲು. ಕಂಬ ಹದಿನೇಳು, ಆಚೆ ಈಚೆ ಎರಡು, ಕಾಲು ಪಾಲು." ಬೈಲಪ್ಪನವರು ಅದರ ಕೆಳಗೆ ಸಹಿ ಹಾಕಿ, "ನಾನಂತೂ ಹದಿನೇಳಕ್ಕೇ ಹೋಗೋನು," ಎಂದರು. "ಅಷ್ಟು ಎತ್ತರ ಇರೋದನ್ನ ಬಿಟ್ಟು ಬರಕ್ಕೆ ಮನಸ್ಸಾಗಲ್ಲ. ಸಹಿ ಮಾತ್ರ ನಿನ್ನ ರಾಗಿಗೆ."

ಗಿಡ್ಡಪ್ಪನ ತಮಟೆ ಕೇಳಿ ಊರು ಒಂದು ಕ್ಷಣ ತಬ್ಬಿಬ್ಬಾಯಿತು. ಆಮೇಲೆ ಪ್ರತಿ ಬಾಗಿಲಲ್ಲೂ ಚರ್ಚೆ. ಗಂಡ ಹದಿನೇಳು, ಹೆಂಡತಿ ಐವತ್ತೆಂಟು. "ಕಾಲು ಪಾಲಾದ್ರೂ ನೆರಳಿದೆ, ನಾನು ಅಲ್ಲಿಗೇ," ಎಂದು ಒಬ್ಬರು. "ಮುಕ್ಕಾಲಿದ್ರೂ ಹನ್ನೆರಡು ಕಂಬ ಓಡೋರ್ಯಾರು," ಎಂದು ಇನ್ನೊಬ್ಬರು. ಎಲ್ಲರಿಗಿಂತ ಜಾಣನೆಂದುಕೊಂಡ ಹೂವಿನ ಅಂಗಡಿಯವನು ಮಾತ್ರ ಯಾರು ಹೇಳಿದರೂ ಕೇಳದೆ ಮೂವತ್ತೆಂಟಕ್ಕೆ ಗಾಡಿ ತಳ್ಳಿಕೊಂಡು ಹೋದ.

ನಾನು ಮನೆಗೆ ಓಡಿದೆ. ದೊಡ್ಡಮ್ಮ ಹಸಿರು ಸೀರೆ ಉಟ್ಟು, ಗುಂಡುಕಲ್ಲಿಗೆ ಅರಿಸಿನ ಕುಂಕುಮ ಹಚ್ಚಿ, ಅದಕ್ಕೂ ಒಂದು ಚೌಕಳಿ ಟವೆಲ್ ಹೊದಿಸಿ ಜಗಲಿಯಲ್ಲಿ ಕೂತಿದ್ದಳು.

"ಎರಡು ಹೇಳ್ದ ಗಿಡ್ಡ. ನಂಗೆ ಒಂದು ಹೇಳು."

"ಒಂದು ಹೇಳಕ್ಕೆ ಆಗಲ್ಲ ದೊಡ್ಡಮ್ಮ." ಅವಳ ಪಕ್ಕ ಜಗಲಿಯಲ್ಲಿ ಕೂತೆ. "ನಿಂಗೆ ಓಡಕ್ಕಾಗಲ್ಲ, ಹದಿನೇಳೇ ಅನುಕೂಲ. ಅಲ್ಲಿ ನಿಂತ್ರೆ ನಿನ್ನ ಕಾಲ ಹತ್ರಾನೇ ನಿಲ್ತದೆ. ಆದ್ರೆ ಅಲ್ಲಿ ನಿಲ್ಲೋದು ಕಾಲು ಪಾಲು. ಐವತ್ತೆಂಟರ ಕಡೆ ಮುಕ್ಕಾಲು. ಅಲ್ಲಿ ನಿಂತ್ರೂ ಎಷ್ಟು ದೂರದಲ್ಲಿ ನಿಲ್ತದೋ ಗೊತ್ತಿಲ್ಲ."

"ಮುಕ್ಕಾಲು ಅಂದ್ರೆ ಆಯ್ತು ಬಿಡು. ನಿಮ್ಮ ದೊಡ್ಡಪ್ಪನ್ನ ಮದ್ವೆ ಆದಾಗ ಅರ್ಧನೂ ನಂಬ್ಕೆ ಇರ್ಲಿಲ್ಲ." ಗುಂಡನ್ನು ತಟ್ಟಿದಳು. "ಓಡೋದು ತಾನೇ? ನನ್ ಕಾಲೇ ಓಡ್ಬೇಕು ಅಂತ ಎಲ್ಲಿ ಬರ್ದದೆ? ಕೆಂಪೀ!"

ಎದುರು ಮನೆಯ ವಡೆ ಕೆಂಪಮ್ಮ ಆಗಲೇ ಗಾಡಿ ಹೊರಡಿಸುತ್ತಿದ್ದಳು. ಅವಳು ದೊಡ್ಡಮ್ಮನನ್ನೂ ಗುಂಡನ್ನೂ ಅಡಿಯಿಂದ ಮುಡಿಯವರೆಗೆ ನೋಡಿ, ಸ್ಟೌವನ್ನೂ ಬಾಣಲೆಯನ್ನೂ ಇಳಿಸಿ ಮನೆಯೊಳಗಿಟ್ಟಳು. "ಇವತ್ತು ತಣ್ಣನೆ ವಡೆ ಮಾರ್ತೀನಿ. ಹತ್ತವ್ವ ಮೇಲೆ."

ಐವತ್ತೆಂಟರಲ್ಲಿ ನಾವು ನಿಂತಾಗ ಹತ್ತೂ ಮುಕ್ಕಾಲು. ಅಗಲದ ಅಂದಾಜಿನ ದಿನ ಜನ ಒತ್ತೊತ್ತಾಗಿ ನಿಲ್ಲುವುದಿಲ್ಲ. ನಲವತ್ತಾರರಿಂದ ಎಪ್ಪತ್ತರವರೆಗೆ ಕಂಬಕ್ಕಿಬ್ಬರು ಮೂವರಂತೆ ಚೆಲ್ಲಿಕೊಂಡಿದ್ದರು. ಗಾಡಿಯ ಮೇಲೆ ವಡೆಯ ಬುಟ್ಟಿಗೆ ಒರಗಿ, ಕಲ್ಲನ್ನು ಮಡಿಲಲ್ಲಿಟ್ಟುಕೊಂಡ ದೊಡ್ಡಮ್ಮ ಮೆರವಣಿಗೆಗೆ ಕೂತವಳ ಹಾಗಿದ್ದಳು. ಸಮಾಚಾರ ಆಗಲೇ ಕಂಬದಿಂದ ಕಂಬಕ್ಕೆ ಹೋಗಿತ್ತು. "ಸಾಕಮ್ಮ ತಂಗಿ ಮನೆಗೆ ಹೊರಟವ್ಳಂತೆ. ಗುಂಡು ಸಮೇತ."

ಪೂರ್ವದಲ್ಲಿ ಸೀಟಿ ಕೇಳಿಸಿತು. ಹದಿನೇಳರ ಹತ್ತಿರ ರೈಲು ನಿಧಾನವಾಯಿತು. ದೂರದಿಂದ ಆ ಕಡೆಯವರ ಕೇಕೆ ಕೇಳಿಸಿತು. ಎತ್ತರವೇ ಸರಿಯಾಗಿತ್ತು, ರಾಗಿ ಅಳೆದು ದೊಡ್ಡಮ್ಮನ ತೊಟ್ಟಿಲು ಕಳೆದೆ ಎಂದುಕೊಂಡೆ. ಕೇಕೆ ಇದ್ದಕ್ಕಿದ್ದಂತೆ ನಿಂತಿತು. ಎಂಜಿನ್ನು ಒಂದು ಸಲ ಕೆಮ್ಮಿ ಮುಂದೆ ಬಂತು. ಮೂವತ್ತೆಂಟರಲ್ಲಿ ಹೂವಿನವನನ್ನು ಕಣ್ಣೆತ್ತಿಯೂ ನೋಡಲಿಲ್ಲವಂತೆ. ನಮ್ಮೆದುರು, ಐವತ್ತೆಂಟರಲ್ಲಿ, ಉಸಿರಾಡುತ್ತ ಮೆಲ್ಲಗೆ ಸರಿದು ದಾಟಿತು, ಕಿಟಕಿ ಕಿಟಕಿಯಾಗಿ.

"ಓಡ್ಸೇ ಕೆಂಪೀ!" ದೊಡ್ಡಮ್ಮ ಕೂಗಿದಳು.

ಕೆಂಪಮ್ಮ ಹಿಂದಿನಿಂದ ತಳ್ಳಿದಳು, ನಾನು ಪಕ್ಕದಿಂದ ಎಳೆದೆ. ಐವತ್ತೊಂಬತ್ತರಲ್ಲಿ ಇಬ್ಬರು ಸೇರಿಕೊಂಡರು. ಅರವತ್ತರಲ್ಲಿ ಸುಸ್ತಾದ ನನ್ನನ್ನು ಯಾರೋ ಪಕ್ಕಕ್ಕೆ ತಳ್ಳಿ ಗಾಡಿಯ ಹಿಡಿ ಹಿಡಿದರು. ಪ್ರತಿ ಕಂಬದಲ್ಲೂ ಹೊಸ ಕೈಗಳು ಕಾದಿದ್ದವು. ಅಂದಾಜು ಅಗಲವಾಗಿದ್ದದ್ದಕ್ಕೇ ಊರು ಅಗಲಕ್ಕೆ ಹರಡಿಕೊಂಡಿತ್ತು, ಹರಡಿಕೊಂಡದ್ದಕ್ಕೇ ಗಾಡಿ ಎಲ್ಲೂ ನಿಲ್ಲಲಿಲ್ಲ. ವಡೆಗಳು ದಾರಿಯುದ್ದಕ್ಕೂ ಉರುಳಿದವು, ಪೂರ್ವದ ಕಾಗೆಗಳೆಲ್ಲ ಪಶ್ಚಿಮಕ್ಕೆ ಬಂದವು. ಎಂಜಿನ್ನು ಅರವತ್ತಾರರಲ್ಲಿ ನಿಟ್ಟುಸಿರು ಬಿಟ್ಟಿತು. ಅದರ ಕೊನೆಯ ಬೋಗಿ ಅರವತ್ತಮೂರರ ಎದುರಿತ್ತು. ಗಾಡಿ ಅಲ್ಲಿಗೆ ಮುಟ್ಟಿದಾಗ ಒಂದು ನಿಮಿಷ ಉಳಿದಿತ್ತು.

ದೊಡ್ಡಮ್ಮನನ್ನು ನಾಲ್ಕು ಜನ ಎತ್ತಿ ಬೋಗಿಯೊಳಗೆ ಇಟ್ಟರು. ಗುಂಡನ್ನು ಅವಳು ಯಾರ ಕೈಗೂ ಕೊಡಲಿಲ್ಲ. ರೈಲು ಕದಲಿದಾಗ ಕಿಟಕಿಯಿಂದ ಮುಖ ಹಾಕಿ, "ಸುಗುಣಾ, ಗ್ಯಾಸ್ ಆಫ್ ಮಾಡಿದ್ಯಾ ನೋಡ್ಕೋ ಹೋಗು!" ಎಂದಳು. ಬೋಗಿಯೆಲ್ಲ ನಕ್ಕಿತು. ನಾನು ಹೋಗಿ ನೋಡಿದೆ. ಆಫ್ ಆಗಿತ್ತು.

ಸಂಜೆ ಕಚೇರಿಗೆ ಹೋದಾಗ ಬೈಲಪ್ಪನವರು ಸ್ಟೂಲಿನ ಮೇಲೆ ನಿಂತು ಹಲಗೆಯ ಮೇಲ್ಗಡೆ ಗೋಡೆಗೆ ಮೊಳೆ ಹೊಡೆಯುತ್ತಿದ್ದರು. ಆ ದಿನದ ಮುಚ್ಚಳ ತೂಗುಹಾಕಲು ಅಲ್ಲಿ ಒಂದೇ ಮೊಳೆ ಇತ್ತು, ಈಗ ಎರಡಾಯಿತು. ಹಲಗೆಯ ಪಕ್ಕದಲ್ಲಿ ಅವರ ಮನೆಯಿಂದ ತಂದ ಹಿತ್ತಾಳೆ ಪಾವು ಇತ್ತು. "ಆದ್ರೂ ಹದಿನೇಳರಲ್ಲಿ ಒಂದು ಚೂರು ನಿಧಾನ ಆಯ್ತು ಕಣಮ್ಮ," ಎಂದರು. "ನೋಡಿದ್ಯೋ ಇಲ್ವೋ?"

"ನೋಡಿದೆ ಸಾರ್. ಕಾಲು ಪಾಲು ನಿಧಾನ ಆಯ್ತು."

ಮುಂದಿನ ಸೋಮವಾರ ರೈಲು ನಿಂತದ್ದು ಸರಿಯಾಗಿ ಹದಿನೇಳರಲ್ಲಿ. ಅವತ್ತು ನಮ್ಮ ಅಂದಾಜು ಇಪ್ಪತ್ತು, ಆಚೆ ಈಚೆ ನಾಲ್ಕು. ಬೈಲಪ್ಪನವರು ಮಾತ್ರ ಹಟಕ್ಕೆ ಹದಿನೇಳರಲ್ಲೇ ನಿಂತಿದ್ದರು. ದೊಡ್ಡಮ್ಮನಿಗೆ ಕೈ ಕೊಟ್ಟು ಇಳಿಸಿಕೊಂಡವರು ಅವರೇ. "ನಾನು ಹದಿನೇಳು ಅಂತ ಹೇಳಿರ್ಲಿಲ್ವಾ?" ಎಂದು ಅವಳಿಗೆ ಹೇಳಿದರು. "ಒಂದು ವಾರ ತಡ ಆಯ್ತು, ಅಷ್ಟೇ."

ದೊಡ್ಡಮ್ಮನ ಕೈಯಲ್ಲಿ ಸ್ಟೀಲಿನ ಡಬ್ಬಿ ಇತ್ತು. ಮುಚ್ಚಳ ತೆಗೆದಳು. ಕಾಯಿ, ಹುರಿಗಡಲೆ, ಹಸಿಮೆಣಸಿನಕಾಯಿ, ಮೇಲೆ ಸಾಸಿವೆ ಒಗ್ಗರಣೆ. ಎಣ್ಣೆ ಮರಳುವವರೆಗೂ ಕಾಯದೆ ಕೆಂಪಮ್ಮ ವಡೆ ಬಿಟ್ಟಳು. ಬೈಲಪ್ಪನವರು, ಗಿಡ್ಡಪ್ಪ, ನಾನು, ಹಳಿಯ ಪಕ್ಕದಲ್ಲೇ ನಿಂತು ತಿಂದೆವು.

"ಗುಂಡೆಲ್ಲಿ ದೊಡ್ಡಮ್ಮ?" ಎಂದೆ.

"ಒರಳಲ್ಲಿ," ಎಂದಳು. "ಇನ್ನೆಲ್ಲಿರ್ಬೇಕು?"

ಈಗ ನಮ್ಮ ಮನೆಯ ಹಿತ್ತಲ ಬಾಗಿಲಿಗೆ ಒತ್ತು ಕೊಡಲು ಏನೂ ಇಲ್ಲ. ಗಾಳಿ ಬಂದಾಗಲೆಲ್ಲ ದಢಾರನೆ ಬಡಿದುಕೊಳ್ಳುತ್ತದೆ, ಪ್ರತಿ ಸಲವೂ ನನ್ನ ಎದೆ ಹಾರುತ್ತದೆ. ಹೊರಗೆ ಹೋದರೆ ಬೇಕಾದಷ್ಟು ಕಲ್ಲು ಸಿಗುತ್ತವೆ. ನಾನು ಇನ್ನೂ ತಂದಿಟ್ಟಿಲ್ಲ.